ಹನ್ನೊಂದು ಕಂಬಗಳ ನಡುವಿನ ಮಾತು

ನಮ್ಮ ಬೀದಿಯ ಹಳೇ ದೀಪಗಳನ್ನು ಉಳಿಸಲೇಬೇಕು ಎಂದು ಮನೆಮನೆ ಹತ್ತಿಳಿದು ಸಹಿ ಹಾಕಿಸಿದವಳು ನಾನು. ಅವು ಹೋಗಿದ್ದೇ ಒಳ್ಳೆಯದಾಯಿತು ಎಂದು ಈಗ ಬರೆಯುತ್ತಿರುವವಳೂ ನಾನೇ. ನಗುವವರು ಮೊದಲು ನಕ್ಕುಬಿಡಿ, ಆಮೇಲೆ ಓದಿ. ಆದರೆ ಇದು ನನ್ನ ಕಥೆಯಲ್ಲ, ಹೊಲಿಗೆಯಕ್ಕನ ಕಥೆ. ನಾನು ಇದರಲ್ಲಿ ಇರುವುದು ತಪ್ಪು ಮಾಡುವುದಕ್ಕೆ ಮಾತ್ರ.

ನನ್ನದು ಬೈಂಡಿಂಗ್ ಅಂಗಡಿ. ಏರುಬೀದಿಯ ಬುಡದಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಗಿರಾಕಿಗಳು, ರಟ್ಟಿನ ಹಾಳೆಗಳು, ನಾನು ಮತ್ತು ನನ್ನ ಬಾಯಿ. ಹಿಂದಿನದರಲ್ಲಿ ಕಾಗದ ಕತ್ತರಿಸುವ ಯಂತ್ರ, ಗೋಂದಿನ ಪಾತ್ರೆ, ಕಿಟಕಿಯ ಪಕ್ಕ ಹೊಲಿಗೆಯಕ್ಕ. ಅಚ್ಚಾಗಿ ಬಂದ ಹಾಳೆಗಳನ್ನು ಮಡಚಿ, ಬೆನ್ನಿಗೆ ದಾರ ಹಾಕಿ, ಹೊಲಿದು ಪುಸ್ತಕ ಮಾಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಅವಳು ಹೊಲಿದ ಒಂದು ಪುಸ್ತಕವೂ ಬಿಚ್ಚಿಕೊಂಡು ವಾಪಸ್ಸು ಬಂದಿಲ್ಲ. ನಾನು ಹೊಲಿದವು ಬಂದಿವೆ. ಎಷ್ಟು ಎಂದು ಕೇಳಬೇಡಿ.

ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ಚಿಕ್ಕವಳಾದರೂ ಇಡೀ ಬೀದಿಗೇ ಅಕ್ಕ, ನನಗೂ ಅಕ್ಕ. ಅವಳು ಅಕ್ಕ ಆದಮೇಲೆ ಅವಳ ಗಂಡ ಭಾವ ಆಗಲೇಬೇಕಲ್ಲ! ಭಾವನಿಗೂ ಕಿವಿ ಕೇಳಿಸುವುದಿಲ್ಲ. ಬೀದಿಯ ಮೇಲ್ತುದಿಯಲ್ಲಿ ಪತ್ರಿಕೆ ಅಚ್ಚುಹಾಕುವ ಪ್ರೆಸ್ಸಿದೆ. ಅಲ್ಲಿ ಅವರಿಗೆ ರಾತ್ರಿ ಪಾಳಿ. ಉಳಿದವರು ಕಿವಿಗೆ ಹತ್ತಿ ತುರುಕಿಕೊಂಡು ಒದ್ದಾಡುವ ಯಂತ್ರದ ಪಕ್ಕದಲ್ಲೇ ಅವರು ಆರಾಮಾಗಿ ನಿಂತು, ಹಾಳೆಗೆ ಮಸಿ ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತಾರೆ. ಪ್ರತಿ ಸಂಜೆ ಏಳಕ್ಕೆ ನನ್ನ ಅಂಗಡಿಯ ಮುಂದೆ ಹಾಜರು. ಅಕ್ಕ ಸೂಜಿ ಚುಚ್ಚಿಟ್ಟು ಹೊರಡುತ್ತಾಳೆ. ಇಬ್ಬರೂ ಏರು ಹತ್ತಿ ಪ್ರೆಸ್ಸಿನ ಬಾಗಿಲವರೆಗೆ ಹೋಗುತ್ತಾರೆ. ಅವರು ಒಳಗೆ, ಅವಳು ಹಿಂದಿನ ಓಣಿಯಲ್ಲಿರುವ ಮನೆಗೆ. ಅವರು ಪಾಳಿ ಮುಗಿಸಿ ಮಲಗಿದಾಗ ಅವಳು ಏಳುವ ಹೊತ್ತು. ಆ ಇಪ್ಪತ್ತು ನಿಮಿಷದ ಏರೇ ಅವರ ದಿನದ ಮಾತುಕತೆ.

ಅವರ ಕೈಮಾತು ನನಗೆ ಬರುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಅಂಗಡಿಗೆ ಬೇಕಾದ ಮೂವತ್ತು ಸನ್ನೆ: ದಾರ, ಗೋಂದು, ಬೇಗ, ನಿಧಾನ, ಚಹಾ, ಆ ಕಿರಿಕಿರಿ ಗಿರಾಕಿ ಮತ್ತೆ ಬಂದ. ಅದಕ್ಕಿಂತ ಹೆಚ್ಚಿನದಿದ್ದರೆ ಅವಳು ಅಂಚು ಕತ್ತರಿಸಿ ಉಳಿದ ಕಾಗದದ ಪಟ್ಟಿಯ ಮೇಲೆ ಬರೆದು ತೋರಿಸುತ್ತಿದ್ದಳು. ಎರಡು ಬೆರಳಗಲದ ಪಟ್ಟಿ, ಅದರಲ್ಲಿ ಒಂದೇ ಸಾಲು. ನಾನು ಬಾಯಲ್ಲಿ ಒಂದು ಗಂಟೆ ಹೇಳುವುದನ್ನು ಅವಳು ಆ ಒಂದು ಸಾಲಿನಲ್ಲಿ ಮುಗಿಸುತ್ತಿದ್ದಳು ಅನ್ನುವುದು ಬೇರೆ ಮಾತು.

ಈ ನಡುವೆ ಭಾವನ ಕಣ್ಣಿಗೆ ಪೊರೆ ಬಂತು. ಎಡಗಣ್ಣು ಚಿಕ್ಕಂದಿನಲ್ಲೇ ಪೆಟ್ಟು ಬಿದ್ದು ಹೋಗಿತ್ತು. ಇದ್ದದ್ದೇ ಬಲಗಣ್ಣು, ಅದಕ್ಕೇ ಪೊರೆ. ಬೆಳಕಿದ್ದರೆ ಕಾಣುತ್ತದೆ, ಮಬ್ಬಾದರೆ ಇಲ್ಲ. ಆಪರೇಷನ್ ಮಾಡಿದರೆ ಸರಿಹೋಗುತ್ತದೆ, ತಡ ಮಾಡಿದಷ್ಟೂ ಕಷ್ಟ ಎಂದು ಡಾಕ್ಟರು ಚೀಟಿಯಲ್ಲೇ ಬರೆದುಕೊಟ್ಟಿದ್ದರು. ಭಾವ ಒಪ್ಪಲಿಲ್ಲ. ಕಿವಿ ಕೇಳಿಸದ ಮನುಷ್ಯನಿಗೆ ಕಣ್ಣೂ ಹೋದರೆ ಹೆಂಡತಿಯ ಮಾತು ಕೇಳುವುದು ಯಾವುದರಿಂದ? ನನಗೆ ಮೈಯೆಲ್ಲ ಉರಿಯುತ್ತಿತ್ತು. "ಇರೋದೊಂದು ಕಣ್ಣು, ಅದರ ಮೇಲೂ ಇಷ್ಟು ಹಟಾನಾ?" ಎಂದು ಒಂದು ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದು ಭಾವನ ಮೂಗಿನ ಮುಂದೆ ಹಿಡಿದೆ. ಅವರು ಓದಿ, ನಮಸ್ಕಾರ ಮಾಡಿ, ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಅಷ್ಟೇ. ಅಕ್ಕ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದಳು. "ಒಪ್ಪಿಸೋಕೆ ಆಗ್ತಿಲ್ಲ" ಎಂದು ಬರೆದಳು. ಒಂದು ಸಲವಲ್ಲ, ನಾಲ್ಕು ತಿಂಗಳಲ್ಲಿ ಹತ್ತಾರು ಸಲ.

ಅಷ್ಟರಲ್ಲಿ ಬಂತು ಪುರಸಭೆಯ ನೋಟಿಸು. ಬೀದಿಯ ಹನ್ನೊಂದು ಹಳೇ ದೀಪ ಕಿತ್ತು ಹೊಸ ಬಿಳಿ ದೀಪ ಹಾಕುತ್ತಾರಂತೆ!

ಆ ದೀಪಗಳನ್ನು ನೀವು ನೋಡಬೇಕಿತ್ತು. ಕಬ್ಬಿಣದ ಕಂಬ, ತುದಿಯಲ್ಲಿ ಬಾಗಿದ ಕೊಕ್ಕೆ, ಅದರಿಂದ ಇಳಿಬಿದ್ದ ಗಂಟೆಯಾಕಾರದ ಗಾಜು, ಒಳಗೆ ಹಳದಿ ಬೆಳಕು. ಅದು ಹತ್ತಿತೆಂದರೆ ನಮ್ಮಪ್ಪ ಗೋಂದಿನ ಪಾತ್ರೆ ಮುಚ್ಚಿ, ಕೈ ತೊಳೆದು, "ಸಾಕಮ್ಮಾ, ಇನ್ನು ನಾಳೆ" ಎನ್ನುತ್ತಿದ್ದರು. ಅದನ್ನು ಕೀಳುತ್ತೇವೆ ಎಂದರೆ ಸುಮ್ಮನಿರುವುದು ಹೇಗೆ? ಎದುರಿನ ಫೋಟೋ ಸ್ಟುಡಿಯೋದಣ್ಣ ನನಗೆ ಜೊತೆಯಾದ. ಇಬ್ಬರೂ ಸೇರಿ ಹದಿನೈದು ದಿನದಲ್ಲಿ ಇನ್ನೂರ ಹನ್ನೆರಡು ಸಹಿ ಹಾಕಿಸಿದೆವು. ಏಳನೇ ಕಂಬದ ಬಲ್ಬು ಸುಟ್ಟು ಎರಡು ತಿಂಗಳಾಗಿತ್ತು. "ಈಗ ದೂರು ಕೊಡ್ಬೇಡಿ, ನೋಡಿ ಹಳೇದು ಕೆಟ್ಟಿದೆ ಅಂತ ಅದನ್ನೇ ನೆಪ ಮಾಡ್ತಾರೆ" ಎಂದು ಎಲ್ಲರ ಬಾಯಿ ಮುಚ್ಚಿಸಿದವಳೂ ನಾನೇ. ಬುದ್ಧಿವಂತಿಕೆ ನೋಡಿ!

ಸ್ಟುಡಿಯೋದಣ್ಣ ಒಂದು ಪೋಸ್ಟರ್ ಮಾಡಿದ. ನಮ್ಮ ಅಕ್ಕ ಭಾವ ಒಂದೊಂದು ಕಂಬದ ಕೆಳಗೂ ನಿಂತು, ಎದುರುಬದುರಾಗಿ ಕೈಯಾಡಿಸುತ್ತ ಮಾತಾಡಿ, ಮುಂದಿನ ಕಂಬದ ಕೆಳಗೆ ಮತ್ತೆ ನಿಲ್ಲುವುದನ್ನು ಬೀದಿ ವರ್ಷಗಳಿಂದ ನೋಡಿತ್ತು. ಕಿಟಕಿಯಿಂದ ನೋಡಿ ನಿಟ್ಟುಸಿರು ಬಿಡುವ ಹೆಂಗಸರೂ ಇದ್ದರು, ಗಂಡಂದಿರಿಗೆ ತೋರಿಸಿ ಚುಚ್ಚುವವರೂ ಇದ್ದರು. ಅಣ್ಣ ಅವರ ಫೋಟೋ ಹಾಕಿ ಮೇಲೆ ಬರೆದ: "ಈ ದೀಪಗಳ ಕೆಳಗೆ ಪ್ರೀತಿಗೆ ಇನ್ನೂ ಪುರುಸೊತ್ತಿದೆ." ನನಗೆ ಓದಿ ಕಣ್ಣಲ್ಲಿ ನೀರು. ನನ್ನ ಅಂಗಡಿಯ ಗಾಜಿಗೇ ಮೊದಲ ಪೋಸ್ಟರ್ ಅಂಟಿಸಿದೆ, ಖುದ್ದು ನನ್ನ ಗೋಂದಿನಿಂದ.

ಬೆಳಗ್ಗೆ ಬಂದ ಅಕ್ಕ ಅದರ ಮುಂದೆ ನಿಂತಳು. ಓದಿದಳು. ಮೊದಲು ನಕ್ಕಳು, ಭುಜ ಕುಣಿಯುವಷ್ಟು. ನಾನೂ ನಕ್ಕೆ. ಆಮೇಲೆ ಅವಳ ನಗು ನಿಂತಿತು. ಬೆರಳನ್ನು "ಪುರುಸೊತ್ತು" ಎಂಬ ಪದದ ಮೇಲೆ ಊರಿ ನನ್ನ ಕಡೆ ತಿರುಗಿದ ಆ ಮುಖ ನನಗೆ ಹೊಸದು. ಒಳಗೆ ಹೋಗಿ ಒಂದು ಪಟ್ಟಿ ತಂದಳು: "ನಿಲ್ಲೋದು ಪ್ರೀತಿಗಲ್ಲ."

"ಮತ್ತೆ?" ಎಂದು ಕೈ ತಿರುಗಿಸಿದೆ.

ಅವಳು ಬರೆಯಲು ಹೋದಳು, ಒಂದು ಸಾಲಿಗೆ ಹಿಡಿಸುವುದಿಲ್ಲ ಎನಿಸಿರಬೇಕು, ಪೆನ್ಸಿಲ್ ಬಿಸಾಕಿದಳು. ಸಂಜೆ ಏಳಕ್ಕೆ ಭಾವ ಬಂದಾಗ ಸೀದಾ ಬಂದು ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೊರಟಳು. ಅಂಗಡಿಗೆ ಬೀಗ ಹಾಕುವುದಕ್ಕೂ ಬಿಡಲಿಲ್ಲ.

ಮೊದಲ ಕಂಬದ ಕೆಳಗೆ ನಿಂತರು. ಅಕ್ಕ ಕಣ್ಣು ಮುಟ್ಟಿ, ಎರಡು ಬೆರಳಿನಿಂದ ಕತ್ತರಿಸುವ ಸನ್ನೆ ಮಾಡಿದಳು. ಆಪರೇಷನ್ ಮಾತು ಎಂದು ನನ್ನಂಥವಳಿಗೂ ಗೊತ್ತಾಯಿತು. ಭಾವ ಬೇಡವೆಂದು ತಲೆಯಾಡಿಸಿ, ಹೊತ್ತಾಯಿತು ಎಂಬಂತೆ ಹೊರಟರು. ನಾಲ್ಕು ಹೆಜ್ಜೆ, ಅಷ್ಟೇ, ಕತ್ತಲು. ಅಕ್ಕನ ಕೈ ಆಡುತ್ತಲೇ ಇತ್ತು, ನನಗೇ ಸರಿಯಾಗಿ ಕಾಣುತ್ತಿರಲಿಲ್ಲ, ಇನ್ನು ಪೊರೆ ಬಂದ ಕಣ್ಣಿಗೇನು ಕಾಣುತ್ತದೆ? ಭಾವ ಏನೂ ಅರಿಯದ ಪಾಪದ ಮುಖ ಮಾಡಿಕೊಂಡು ನೆಟ್ಟಗೆ ನಡೆಯುತ್ತಿದ್ದರು. ಎರಡನೇ ಕಂಬ ಬಂದ ಕೂಡಲೇ ತಾವೇ ಕೈ ಎತ್ತಿ ಪ್ರೆಸ್ಸಿನ ಯಂತ್ರದ ಬೆಲ್ಟು ತುಂಡಾದ ಕಥೆ ಶುರು ಮಾಡಿದರು. ಅಕ್ಕ ಅದನ್ನು ತಡೆದು ಮತ್ತೆ ಕಣ್ಣು ಮುಟ್ಟುವಷ್ಟರಲ್ಲಿ ಮನುಷ್ಯ ಮುಂದಿನ ಕತ್ತಲೊಳಗೆ!

ಮೂರು, ನಾಲ್ಕು, ಐದು. ದೀಪದ ಕೆಳಗೆ ಇವಳು ಹಿಡಿಯುತ್ತಾಳೆ, ಕತ್ತಲಲ್ಲಿ ಅವರು ನುಣುಚಿಕೊಳ್ಳುತ್ತಾರೆ. ಆರನೆಯದರಿಂದ ಎಂಟನೆಯದರವರೆಗೆ ಒಂದೇ ಕತ್ತಲು, ನಡುವಿನ ಏಳನೆಯದು ನನ್ನ ದಯೆಯಿಂದ ಸತ್ತು ನಿಂತಿತ್ತು. ಅಲ್ಲಿ ಅಕ್ಕ ಕೈ ಇಳಿಸಿಬಿಟ್ಟಳು. ಆ ಉದ್ದದ ದಾರಿಯನ್ನು ಮೂವರೂ ಮಾತಿಲ್ಲದೆ ನಡೆದೆವು.

ಪ್ರೆಸ್ಸಿನ ಬಾಗಿಲ ಬೆಳಕಿನಲ್ಲಿ ಅವಳು ಪಟ್ಟಿಗಳನ್ನು ಒಂದರ ಹಿಂದೊಂದು ಬರೆದುಕೊಟ್ಟಳು. "ಮನೇಲಿ ಕೇಳಿದ್ರೆ ಕಣ್ಣು ಮುಚ್ಚಿಬಿಡ್ತಾರೆ." "ಕಣ್ಣು ಮುಚ್ಚಿದ್ರೆ ನನ್ನ ಬಾಯಿ ಮುಚ್ಚಿದಹಾಗೆ." "ಇಲ್ಲಿ ನಡೆಯೋಕೆ ಕಣ್ಣು ಬಿಡಲೇಬೇಕು, ಹಿಡಿಯೋಕೆ ಇದೊಂದೇ ಜಾಗ." "ಇಲ್ಲಿ ಈ ಕತ್ತಲು." ಕೊನೆಯದರಲ್ಲಿ "ದೀಪ ಬೇಕು ನನಗೆ" ಎಂದಿತ್ತು.

ಇಪ್ಪತ್ತೆರಡು ವರ್ಷ! ಅವಳು ಮಾತು ತುಂಡಾಗಬಾರದೆಂದು ನಿಲ್ಲುತ್ತಿದ್ದಳು, ನಾವು ಅದನ್ನು ಚಂದ ಎಂದುಕೊಂಡು ಪೋಸ್ಟರ್ ಮಾಡಿದ್ದೆವು. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸಿತು. ಹೊಡೆದುಕೊಳ್ಳಲಿಲ್ಲ. ಬದಲಿಗೆ ಮಾರನೆಯ ದಿನ ಕರೆಂಟಿನವನನ್ನು ಹಿಡಿದು, ಹಳೇ ದೀಪಕ್ಕೇ ದೊಡ್ಡ ಬಲ್ಬು ಹಾಕಿದರೆ ಹೇಗೆ ಎಂದು ಕೇಳಿದೆ. ಮನಸ್ಸು ಅಷ್ಟು ಬೇಗ ಬಿಡುತ್ತದೆಯೇ? "ಬಿಸಿಗೆ ಗಾಜು ಒಡೆಯುತ್ತೆ ಅಮ್ಮಾ. ಕಂಬಗಳೂ ತುಂಬ ದೂರ ದೂರ. ಹೊಸದರಲ್ಲಿ ನಡುವೆ ಒಂದೊಂದು ಕಂಬ ಜಾಸ್ತಿ ನಿಲ್ಲಿಸ್ತಾರೆ" ಎಂದ. ಅಲ್ಲಿಗೆ ನನ್ನ ಆಸೆ ಮುಗಿಯಿತು. ಪೋಸ್ಟರ್ ಕೆರೆದು ತೆಗೆದೆ. ನನ್ನ ಗೋಂದು ಗಟ್ಟಿ, ಅರ್ಧ ದಿನ ಹಿಡಿಯಿತು.

ಸ್ಟುಡಿಯೋದಣ್ಣ ಕೆಂಡವಾದ. "ಏನಮ್ಮಾ ಇದು? ಗುರುವಾರ ಎಂಜಿನಿಯರ್ ಬಂದು ಬೀದಿ ನೋಡ್ತಾರೆ. ಸಹಿ ಹಾಕಿಸಿದವರೇ ಕೈ ಕೊಟ್ರೆ ನಾನು ಯಾರ ಮುಖ ನೋಡ್ಲಿ?"

"ನಮ್ಮಕ್ಕನ ಮುಖ ನೋಡಪ್ಪಾ" ಎಂದು ಎಲ್ಲ ಹೇಳಿದೆ. ಅವನು ಕೆಟ್ಟವನಲ್ಲ. ಆದರೂ ಒಬ್ಬರಿಗಾಗಿ ಇಡೀ ಬೀದಿಯ ಅಂದ ಹಾಳುಮಾಡುವುದೇ ಎಂದು ಪಟ್ಟು ಹಿಡಿದ. ವಾದ ಮಾಡಿ ಸಾಕಾಗಿ ಒಳಗೆ ಬಂದರೆ, ಎಲ್ಲವನ್ನೂ ಗಾಜಿನಿಂದಾಚೆಗೆ ನೋಡುತ್ತಿದ್ದ ಅಕ್ಕ ಸೂಜಿಗೆ ದಾರ ಪೋಣಿಸುತ್ತಲೇ ಒಂದು ಪಟ್ಟಿ ನನ್ನ ಕಡೆ ನೂಕಿದಳು. ಓದಿ ನಾನು ಕುರ್ಚಿಯಿಂದ ಬೀಳುವಷ್ಟು ನಕ್ಕೆ.

ಗುರುವಾರ ಸಂಜೆ ಏಳಕ್ಕೆ ಎಂಜಿನಿಯರ್ ಬಂದರು. ಫೈಲು ಹಿಡಿದ ಸಣ್ಣ ವಯಸ್ಸಿನ ಹೆಣ್ಣುಮಗಳು. ಬೀದಿಯ ಮೂವತ್ತು ಜನ ಮಾತಾಡಲು ತಯಾರಾಗಿ ನಿಂತಿದ್ದರು. ನಾನು ಪಟ್ಟಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ: "ಬುಡದಿಂದ ತುದಿವರೆಗೆ ನಡೀತಾ ಮಾತಾಡೋಣ. ಆದ್ರೆ ದೀಪದ ಕೆಳಗೆ ಮಾತ್ರ. ಕತ್ತಲಲ್ಲಿ ಯಾರೂ ಬಾಯಿ ಬಿಡಬಾರದು. ಬಿಟ್ಟವರು ಸೋತ ಹಾಗೆ."

"ಇದೇನು ಮಕ್ಕಳಾಟ?" ಎಂದ ಸ್ಟುಡಿಯೋದಣ್ಣ. ಎಂಜಿನಿಯರಿಗೆ ಇಷ್ಟವಾಯಿತು. "ಆಗ್ಲಿ, ನಡೀರಿ" ಎಂದರು.

ಅಣ್ಣ ಮೊದಲ ಕಂಬದ ಕೆಳಗೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದ. "ಮೇಡಂ, ಈ ದೀಪಗಳು ಬರೀ ದೀಪಗಳಲ್ಲ, ಇವು ನಮ್ಮ..." ಅಷ್ಟರಲ್ಲಿ ಗುಂಪು ಮುಂದೆ ಸರಿಯಿತು, ಕತ್ತಲು ಬಂತು, ನಾನು ತುಟಿಯ ಮೇಲೆ ಬೆರಳಿಟ್ಟೆ. ಮೂವತ್ತು ಜನ ಬಾಯಿ ಮುಚ್ಚಿಕೊಂಡು ನಡೆದರು. ಎರಡನೇ ಕಂಬದ ಕೆಳಗೆ ಮೂವರು ಒಟ್ಟಿಗೇ ಬಾಯಿ ಹಾಕಿದರು, ಅಣ್ಣನ ಸರದಿ ಬರುವಷ್ಟರಲ್ಲಿ ಮತ್ತೆ ಕತ್ತಲು. ಮೂರನೆಯದರಲ್ಲಿ ಅವನು "ನಮ್ಮ... ಎಲ್ಲಿಗೆ ನಿಲ್ಲಿಸಿದ್ದೆ?" ಎಂದು ನನ್ನನ್ನೇ ಕೇಳಿದ. ನನಗಂತೂ, ನಿಜ ಹೇಳುತ್ತೇನೆ, ಕತ್ತಲ ಆ ಒಂದೊಂದು ನಿಮಿಷ ಒಂದೊಂದು ವರ್ಷ. ಹೊಟ್ಟೆಯೊಳಗೆ ಮಾತು ಕುದಿಯುತ್ತಿತ್ತು. ಆರರಿಂದ ಎಂಟರವರೆಗಿನ ಉದ್ದದ ಕತ್ತಲಲ್ಲಿ ಅಣ್ಣ ತಡೆಯಲಾರದೆ "ಅಲ್ಲಾ, ಹೀಗಾದ್ರೆ ಮನುಷ್ಯ ಮಾತಾಡೋದು ಹೇಗೆ ರೀ!" ಎಂದು ಕೂಗಿಯೇಬಿಟ್ಟ.

ಎಂಟನೇ ಕಂಬದ ಕೆಳಗೆ ಬಂದಾಗ ಅವನ ಮುಖ ಸಣ್ಣಗಾಗಿತ್ತು. ಅಕ್ಕನ ಮುಂದೆ ನಿಂತು ಎರಡೂ ಕೈ ಜೋಡಿಸಿದ. ಎಂಜಿನಿಯರ್ ಅಲ್ಲೇ, ಅದೇ ಹಳದಿ ಬೆಳಕಿನಲ್ಲಿ, ಫೈಲು ತೆರೆದು ಏನೋ ಬರೆದುಕೊಂಡು, "ಯಾರಾದ್ರೂ ಇನ್ನೂ ಬೇಡ ಅನ್ನೋರಿದ್ದೀರಾ?" ಎಂದರು. ಇಬ್ಬರು ಇದ್ದರು. ಇರಲಿ, ಅವರಿಗೂ ಅವರ ಕಾರಣ. ಭಾವ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮುಂದೆ ತಮಗೇನು ಕಾದಿದೆಯೆಂದು ಅವರಿಗೇನು ಗೊತ್ತು ಪಾಪ!

ಮೂರು ವಾರದಲ್ಲಿ ಹೊಸ ದೀಪಗಳು ಬಂದವು. ಹಳೆಯವು ಲಾರಿ ಹತ್ತಿದಾಗ ನನಗೆ ಅಪ್ಪ ನೆನಪಾಗಿ ಅಳು ಬಂತು. ಅತ್ತೆ. ಅದಕ್ಕೇನು ನಾಚಿಕೆ? ಸಂಜೆ ಏಳಕ್ಕೆ ಬೀದಿ ಬುಡದಿಂದ ತುದಿಯವರೆಗೆ ಒಂದೇ ಸಮ ಬೆಳ್ಳಗಾಯಿತು. ಗೋಡೆಯ ಬಿರುಕು, ಚರಂಡಿಯ ಕಸ, ನನ್ನ ಬಾಗಿಲ ಮೇಲಿನ ಧೂಳು, ಎಲ್ಲ ಕಾಣಿಸಿತು. ಭಾವ ಬಂದರು. ಅಕ್ಕ ಸೂಜಿ ಚುಚ್ಚಿಟ್ಟಳು. ಅವಳು ನಡಿಗೆಯಲ್ಲೇ ಶುರು ಮಾಡಿದಳು.

ನಾನು ಬಾಗಿಲಲ್ಲಿ ನಿಂತು ನೋಡಿದೆ, ಇಡೀ ಬೀದಿ ನೋಡಿತು. ಪೋಸ್ಟರಿನ ಆ ಪ್ರೀತಿಯ ಜೋಡಿ ಬೀದಿಯುದ್ದಕ್ಕೂ ಜಗಳವಾಡುತ್ತಾ ಹೋಯಿತು! ಕೈಗಳು ಗಾಳಿಯನ್ನು ಸೀಳುತ್ತಿದ್ದವು. ಭಾವ ಹೆಜ್ಜೆ ಜೋರು ಮಾಡಿದರೆ ಅವಳು ಓಡಿ ಮುಂದೆ ಹೋಗಿ ಹಿಮ್ಮುಖವಾಗಿ ನಡೆಯುತ್ತಾ ಮಾತಾಡಿದಳು. ನಿಲ್ಲದೆ ನಡೆದದ್ದಕ್ಕೆ ಎಂಟೇ ನಿಮಿಷದಲ್ಲಿ ಪ್ರೆಸ್ ಬಂದುಬಿಟ್ಟಿತು. ಪಾಳಿಗೆ ಇನ್ನೂ ಹೊತ್ತಿತ್ತು. ಅವಳು ಅವರ ತೋಳು ಹಿಡಿದು ತಿರುಗಿಸಿ ಮತ್ತೆ ಇಳಿಸಿಕೊಂಡು ಬಂದಳು. ನನ್ನ ಅಂಗಡಿಗೆ ಹತ್ತು ಮಾರು ದೂರದಲ್ಲಿ ಭಾವ ನಿಂತರು. ಆಗ ಅವರ ಕೈ ನಿಧಾನವಾಗಿ, ತುಂಬ ಹೊತ್ತು ಆಡಿತು. ಅಕ್ಕನ ಕೈಗಳು ಇಳಿದವು. ಏನು ಹೇಳಿದರೋ ಎಂದು ನಾನು ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದೆ.

ಮರುದಿನ ಅವಳು ಪಟ್ಟಿ ಬಿಟ್ಟು ಇಡೀ ಹಾಳೆ ತೆಗೆದುಕೊಂಡು ಬರೆದಳು. ಭಾವನಿಗೆ ಕತ್ತಿಯ ಭಯವಲ್ಲ. ಆಪರೇಷನ್ ಆದಮೇಲೆ ಒಂದು ದಿನ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಕಿವಿಯಿಲ್ಲ, ಎಡಗಣ್ಣಿಲ್ಲ, ಬಲಗಣ್ಣಿಗೆ ಪಟ್ಟಿ. "ಆಗ ನೀನು ಪಕ್ಕದಲ್ಲಿದ್ದೀಯೋ ಎದ್ದು ಹೋದೆಯೋ ನನಗೆ ಹೇಗೆ ಗೊತ್ತಾಗ್ಬೇಕು?" ಎಂದು ಕೇಳಿದರಂತೆ. ಐವತ್ತೈದು ವರ್ಷದ ಗಂಡಸಿಗೆ ಇದನ್ನು ಹೇಳಲು ನಾಚಿಕೆ, ಅದಕ್ಕೇ ನಾಲ್ಕು ತಿಂಗಳು ಓಡಿದ್ದು. ಬೆಳಕಿನಲ್ಲಿ ಓಡಲು ಜಾಗ ಸಿಗದೆ ಹೇಳಿಬಿಟ್ಟರು. ಅಕ್ಕ ಏನು ಹೇಳಿದಳೋ ಬರೆಯಲಿಲ್ಲ. "ಒಪ್ಪಿದ್ರು" ಎಂದಷ್ಟೇ ಕೊನೆಯಲ್ಲಿ ಇತ್ತು. ನಾನು ಅವಳನ್ನು ತಬ್ಬಿಕೊಂಡೆ. ಅವಳ ಬೆನ್ನಿಗೆಲ್ಲ ನನ್ನ ಕೈಯ ಗೋಂದು.

ಆ ದಿನದಿಂದ ನಾನು ಮಧ್ಯಾಹ್ನ ಅರ್ಧ ಗಂಟೆ ಕೈಮಾತು ಕಲಿಯಲು ಕೂತೆ. ಅಕ್ಕನೇ ಮೇಷ್ಟ್ರು, ಬಲು ಬಿಗಿ. ತಪ್ಪಿದರೆ ಬೆರಳಿಗೆ ಅಡಿಪಟ್ಟಿಯಿಂದ ಏಟು.

ಆಪರೇಷನ್ ದಿನ ಅಂಗಡಿ ಮುಚ್ಚಿ ನಾನೂ ಹೋದೆ. ಆರು ಹಾಸಿಗೆಯ ಕೋಣೆ. ಭಾವನನ್ನು ತಂದು ಮಲಗಿಸಿದಾಗ ಅವರ ಕೈ ಹಾಸಿಗೆಯ ಮೇಲೆಲ್ಲ ತಡಕಾಡುತ್ತಿತ್ತು. ಅಕ್ಕ ಆ ಕೈ ಹಿಡಿದು ಮಡಿಲಲ್ಲಿಟ್ಟುಕೊಂಡು ಅಂಗೈಯ ಮೇಲೆ ತೋರುಬೆರಳಿನಿಂದ ಬರೆಯತೊಡಗಿದಳು. ಬರೆದಳು, ಬರೆದಳು. ಊಟಕ್ಕೆ ಏಳಲಿಲ್ಲ. ನೀರು ಕುಡಿದದ್ದೂ ಎಡಗೈಯಲ್ಲಿ. ಸಂಜೆ ನರ್ಸಮ್ಮ ಬಂದು, "ಬೆಳಗ್ಗಿಂದ ಏನಮ್ಮಾ ಅಷ್ಟೊಂದು ಹೇಳ್ತಿದ್ದಾರೆ?" ಎಂದು ನನ್ನನ್ನು ಕೇಳಿದರು. ನಾನು ಕೈಮಾತಿನಲ್ಲಿ ಅಕ್ಕನನ್ನು ಕೇಳಿದೆ. ಅವಳು ಬರೆಯುವುದು ನಿಲ್ಲಿಸದೆ ಎಡಗೈಯಲ್ಲಿ ಉತ್ತರ ಕೊಟ್ಟಳು: "ಜಾಸ್ತಿ ಏನಿಲ್ಲ. 'ಇದ್ದೀನಿ' ಅಂತ. ಅದೊಂದೇ."

ಮರುದಿನ ಬೆಳಗ್ಗೆ ಡಾಕ್ಟರು ಪಟ್ಟಿ ಬಿಚ್ಚಿದರು. ಭಾವ ರೆಪ್ಪೆ ಬಡಿದರು, ಕಿಟಕಿ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅಕ್ಕನ ಮುಖವನ್ನು ನೋಡುತ್ತಲೇ ಇದ್ದರು. ಅವರ ಅಂಗೈ ಕೆಂಪಗೆ ಕಂದಿತ್ತು. ಅದನ್ನು ಎತ್ತಿ ಅವಳಿಗೆ ತೋರಿಸಿ, ಎರಡೂ ಕೈಯಿಂದ ಹೇಳಿದರು: "ಸಾಕು ಮಾರಾಯ್ತಿ, ಗೊತ್ತಾಯ್ತು ಇದ್ದೀಯ ಅಂತ. ಚರ್ಮ ಕಿತ್ತುಬಂತು."

"ಏನಂದ್ರು, ಏನಂದ್ರು?" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ನನಗೆ ಪೂರ್ತಿ ಅರ್ಥವಾಗಿತ್ತು. ಹೇಳಲು ಬಾಯಿ ತೆರೆದೆ, ಅಳು ಬಂದು ಒಂದು ಮಾತೂ ಹೊರಡಲಿಲ್ಲ.